ಊರು ಸಂಜೀವಪ್ಪನ ಮಾತು ಕೇಳಿದ ದಿನ

ಹೊಸಕೋಟೆಯಿಂದ ಜಡಿಗೇನಹಳ್ಳಿ ಕಡೆಗೆ ಹೋಗುವಾಗ ತಲೆ ಎತ್ತಿದರೆ ಸಾಕು, ಸಂಜೀವಪ್ಪ ಕಾಣಿಸುತ್ತಿದ್ದ. ನೆಲದ ಮೇಲಲ್ಲ, ಫ್ಲೆಕ್ಸಿನ ಮೇಲೆ. ಗಣೇಶನ ಹಬ್ಬ ಬಂದರೆ ಗಣೇಶನ ಸೊಂಡಿಲ ಪಕ್ಕ ಸಂಜೀವಪ್ಪ. ಡೇರಿಗೆ ಹಾಲಿನ ಫ್ಯಾಟ್ ನೋಡುವ ಹೊಸ ಮೆಷಿನ್ ಬಂದರೆ ಮೆಷಿನ್ ಪಕ್ಕ ಸಂಜೀವಪ್ಪ. ಯಾರದೋ ಮಗಳು ಎಸ್ಸೆಸ್ಸೆಲ್ಸಿ ಪಾಸಾದರೆ ಆ ಹುಡುಗಿ ಮೂಲೆಗೆ ಸರಿದು, ನಡುವೆ ಜರಿಪೇಟ ಸುತ್ತಿ ಕೈಮುಗಿದ ಸಂಜೀವಪ್ಪ. ಒಂದು ಸಲ ಊರಿನ ಹಿರಿಯರೊಬ್ಬರು ತೀರಿಕೊಂಡಾಗ ಹಾಕಿಸಿದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಸತ್ತವರಿಗಿಂತ ಇವನ ಫೋಟೋನೇ ದೊಡ್ಡದಾಗಿಬಿಟ್ಟಿತ್ತು. ಅದನ್ನು ನೋಡಿದ ಬೂದಿಗೆರೆಯ ಬೀಗರು ಗಾಬರಿಯಿಂದ ಸಂಜೀವಪ್ಪನ ಮನೆಗೆ ಫೋನ್ ಮಾಡಿ ಅಳತೊಡಗಿದರು. ಫೋನ್ ಎತ್ತಿದವಳು ಹೆಂಡತಿ ಸೊಣ್ಣಮ್ಮ. "ಮುದ್ದೆ ಉಣ್ತಾವ್ನೆ. ಕೊಡ್ಲಾ, ಮಾತಾಡ್ತೀರಾ?" ಅಂದಳು.

ಸಂಜೀವಪ್ಪನ ಊರು ಹೊಂಗೆಕುಂಟೆ. ಒಂದಿಷ್ಟು ದ್ರಾಕ್ಷಿ ತೋಟ, ಸೊಣ್ಣಮ್ಮ ಸಾಕಿದ ಎರಡು ಸೀಮೆಹಸು, ಕೆಟ್ಟುನಿಂತ ಒಂದು ಸ್ಕೂಟರು, ಇಷ್ಟು ಅವನ ಆಸ್ತಿ. ಹುದ್ದೆ ಯಾವುದೂ ಇಲ್ಲ. ಡೇರಿ ಚುನಾವಣೆಗೆ ನಿಂತಾಗ ಹೆಂಡತಿಯೇ ಬೇರೆಯವರಿಗೆ ವೋಟು ಹಾಕಿ ಬಂದು ಅದನ್ನು ಎದುರಿಗೇ ಹೇಳಿದ್ದಳು. ಆದರೆ ಯಜಮಾನಿಕೆ ಮಾಡಲು ಹುದ್ದೆ ಬೇಕೆಂದು ಅವನು ಯಾವತ್ತೂ ಅಂದುಕೊಂಡವನಲ್ಲ. ಊರಿನಲ್ಲಿ ಚರಂಡಿ ತೋಡುವಾಗ "ಎಡಕ್ಕೆ ತೋಡ್ರಪ್ಪ" ಅನ್ನುತ್ತಿದ್ದ. "ಹೂಂ ದೊಡ್ಡಪ್ಪ" ಎಂದು ಹುಡುಗರು ಬಲಕ್ಕೆ ತೋಡುತ್ತಿದ್ದರು. ಅವನಿಗೆ ಬೇಜಾರಿಲ್ಲ. ಕೆಲಸ ಮುಗಿದ ಮೇಲೆ ಚರಂಡಿಯ ಮುಂದೆ ನಿಂತು ಫೋಟೋ ಹಿಡಿಸಿಕೊಂಡು, "ನಾನೇ ನಿಂತು ಮಾಡ್ಸಿದ್ದು" ಎಂದು ಹೋಬಳಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ. ಯಾರೂ ಅಲ್ಲಗಳೆಯುತ್ತಿರಲಿಲ್ಲ. ಯಾರಿಗೂ ಅದರಿಂದ ನಷ್ಟವಿರಲಿಲ್ಲ.

ಆ ವರ್ಷ ರಾಗಿ ಕಣ ಮುಗಿದ ಹೊತ್ತಿಗೆ ಊರಿಗೆ ಕೇಬಲ್ ಕಳ್ಳರ ಕಾಟ ಶುರುವಾಯಿತು. ಬೋರ್‌ವೆಲ್ ಮೋಟಾರಿಗೆ ಹೋಗುವ ಕೇಬಲ್ಲನ್ನು ಕತ್ತರಿಸಿ, ಒಳಗಿನ ತಾಮ್ರ ಮಾರಿಕೊಳ್ಳುವ ಕಳ್ಳರು. ಒಂದೊಂದೇ ತೋಟ ಒಣಗತೊಡಗಿತು. ಸಂಜೀವಪ್ಪನ ತಮ್ಮನ ಮಗ ಕಾಂತರಾಜು, ಜೀನ್ಸ್ ಪ್ಯಾಂಟಿನ ಉತ್ಸಾಹಿ ಹುಡುಗ, ಊರ ಹುಡುಗರನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದ. ಹೆಸರು 'ಹೊಂಗೆಕುಂಟೆ ಹುಲಿಗಳು'. ಹುಲಿಗಳು ಹೊಸಬರು ಕಂಡಲ್ಲೆಲ್ಲ ಫೋಟೋ ಹೊಡೆದು ಗುಂಪಿಗೆ ಹಾಕುತ್ತಿದ್ದವು. ಒಂದು ವಾರದಲ್ಲಿ ಸೋಪು ಮಾರುವವನು, ಮೀಟರ್ ಓದುವವನು, ಊರಿನದೇ ಅಳಿಯನೊಬ್ಬ, ಎಲ್ಲರೂ ಕಳ್ಳರ ಸಾಲಿಗೆ ಸೇರಿಹೋದರು. ಅಳಿಯ ಮಾತ್ರ ಮಾವನ ಮನೆಯ ಕಡೆ ಆಮೇಲೆ ತಲೆಹಾಕಲಿಲ್ಲ. ಮಾವನಿಗೆ ಅದರಿಂದ ಖುಷಿಯೇ ಆಯಿತೆಂದು ಕೇಳಿದ್ದೇನೆ.

ಇಷ್ಟಾಗುವಾಗ ಸಂಜೀವಪ್ಪನ ಚಿಂತೆ ಬೇರೆಯೇ ಇತ್ತು. ಅವನ ಮುಂದಿನ ಹಲ್ಲುಗಳು ಉದುರಿದ್ದವು. ಈಚಿನ ಫ್ಲೆಕ್ಸುಗಳಲ್ಲೆಲ್ಲ ಬಾಯಿ ಮುಚ್ಚಿಕೊಂಡು, ಯಾರ ಮೇಲೋ ಕೋಪ ಬಂದವನಂತೆ ಕಾಣುತ್ತಿದ್ದ. ಕೊನೆಗೆ ಹೊಸಕೋಟೆಯ ಹಲ್ಲಿನ ಡಾಕ್ಟರ ಹತ್ತಿರ ಸೆಟ್ ಮಾಡಿಸಲು ಹೇಳಿದ್ದ. ಅದನ್ನು ಕೂರಿಸಿಕೊಳ್ಳಲು ಹೋದ ದಿನವೇ ಊರಿನಲ್ಲಿ ಆ ಘಟನೆ ನಡೆದದ್ದು.

ಬೆಳಗಿನ ಹಾಲು ಹಾಕಿ ಜನ ಮನೆಗೆ ಮರಳುವ ಹೊತ್ತು. ಕಾಂತರಾಜುವಿನ ತೋಟದ ಬದುವಿನ ಮೇಲೆ ಹೊಸ ಮನುಷ್ಯನೊಬ್ಬ ಕಾಣಿಸಿದ. ವಯಸ್ಸಾದವನು. ಹೆಗಲಿಗೆ ಚೀಲ. ಅಂಗೈ ಮೇಲೆ ಒಂದು ತೆಂಗಿನಕಾಯಿ. ಕಣ್ಣು ಅರೆಮುಚ್ಚಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನೇರವಾಗಿ ಬೋರ್‌ವೆಲ್ ಕಡೆಗೇ ಹೋಗುತ್ತಿದ್ದ. ಹುಲಿಗಳು ಸುತ್ತುವರಿದವು.

"ಯಾರಯ್ಯ ನೀನು?"

"ಮಾಲೂರು ಕಡೆಯೋನು ಕಣಪ್ಪ. ವೆಂಕಟರಾಮಪ್ಪ ಅಂತಾರೆ. ಬೋರಿಗೆ ಪಾಯಿಂಟ್ ಮಾಡ್ತೀನಿ. ಅನುಗೊಂಡನಹಳ್ಳಿ ಹತ್ರ ಒಬ್ರು ಬರೋಕೆ ಹೇಳಿದ್ರು. ಬಸ್ಸಿಳಿದು ದಾರಿ ತಪ್ಪಿದೆ."

"ಕಾಯಿ ಯಾಕೆ?"

"ನೀರು ಎಲ್ಲೈತೆ ಅಂತ ಇದು ಹೇಳುತ್ತೆ."

"ಹಂಗಾ? ನಮ್ ಕೇಬಲ್ ಎಲ್ಲೈತೆ ಅಂತ ಕೇಳು ಅದನ್ನ!"

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಮೊದಲ ಏಟು ಬಿತ್ತು. ಡೇರಿ ಮುಂದಿನ ಕರೆಂಟು ಕಂಬಕ್ಕೆ ಎಳೆದು ತಂದರು. ಸಿದ್ದರಾಜು ಎಂಬವನು ತನ್ನ ಹಸುವಿನ ಕೊರಳಿನ ಹಗ್ಗ ಬಿಚ್ಚಿಕೊಟ್ಟ. ಕಟ್ಟಿದರು. ನಾಲ್ಕೇಟು ಹೊಡೆದ ಮೇಲೆ, ಮುದುಕ ಉಸಿರು ಎಳೆಯುವ ರೀತಿ ನೋಡಿ, ಕಾಂತರಾಜುವಿಗೆ ಎದೆ ಅಳುಕಿತು. ಪೊಲೀಸರಿಗೆ ಹೇಳಿಬಿಡೋಣ ಎಂದು ಫೋನ್ ತೆಗೆದ. ತೆಗೆದವನು, ಮನೆಯ ಹಿರಿಯರಿಗೆ ಒಂದು ಮಾತು ಹೇಳಿಬಿಡೋಣ ಎಂದು ಮೊದಲು ದೊಡ್ಡಪ್ಪನಿಗೆ ಒತ್ತಿದ. ಜನರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

ಹೊಸಕೋಟೆಯಲ್ಲಿ ಸಂಜೀವಪ್ಪ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದ. ಹೊಸ ಹಲ್ಲು ಆಗ ತಾನೇ ಬಾಯಿಗೆ ಬಂದಿತ್ತು.

"ದೊಡ್ಡಪ್ಪಾ, ಕೇಬಲ್ ಕಳ್ಳ ಸಿಕ್ಬುಟ್ಟ! ಕಂಬಕ್ಕೆ ಕಟ್ಟಾಕಿದೀವಿ. ಪೊಲೀಸ್ರಿಗೆ ಫೋನ್ ಮಾಡ್ತಾ ಇದೀನಿ."

ಸಂಜೀವಪ್ಪನ ಎದೆ ಹಿಗ್ಗಿತು. ಆಮೇಲೆ ಕುಗ್ಗಿತು. ಹಿಂದಿನ ವರ್ಷ ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದಾಗ ಅವನು ಮದುವೆಗೆ ಹೋಗಿದ್ದ. ಬರುವಷ್ಟರಲ್ಲಿ ಫೋಟೋ ಮುಗಿದು, ಅವನಿಲ್ಲದ ಫ್ಲೆಕ್ಸು ಮೇಲೇರಿತ್ತು. ಆ ನೋವು ಇನ್ನೂ ಆರಿರಲಿಲ್ಲ.

"ಲೇ ಲೇ, ಬ್ಯಾಡ! ಪೊಲೀಸ್ರಿಗೆ ಈಗ್ಲೇ ಹೇಳ್ಬ್ಯಾಡ. ನಾನು ಬರೋಗಂಟ ಬಿಡಬ್ಯಾಡಿ ಅವನ್ನ. ಕಟ್ಟಾಕಿರಿ, ಹಂಗೇ ಇರ್ಲಿ. ಈಗ ಬಂದೆ."

ಹೊಸ ಹಲ್ಲಿನಿಂದ ಮಾತು ಸ್ಪಷ್ಟವಾಗಿಯೇ ಬಂತು. ಕಂಬದ ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಹಾಲಿನ ಕ್ಯಾನು ಹಿಡಿದು ನಿಂತಿದ್ದ ಸೊಣ್ಣಮ್ಮನೂ ಕೇಳಿಸಿಕೊಂಡಳು. ಕಾಂತರಾಜು "ಹೂಂ ದೊಡ್ಡಪ್ಪ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡ.

ಸಂಜೀವಪ್ಪ ಏನೋ ಈಗ ಬಂದೆ ಅಂದ. ಆದರೆ ಡಾಕ್ಟರು ಬಿಡಬೇಕಲ್ಲ. ಕಚ್ಚಿ ನೋಡಿ, ಇನ್ನೊಂದು ಸಲ ಕಚ್ಚಿ ನೋಡಿ ಎಂದು ಹಲ್ಲು ಉಜ್ಜಿ ಸರಿಮಾಡುತ್ತ ಕುಳಿತರು. ಆಚೆ ಬಂದರೆ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಿತು. ಇತ್ತ ಊರಿನಲ್ಲಿ ಸುದ್ದಿ ಹರಡಿ ತೋಟದಿಂದ, ಅಂಗಡಿಯಿಂದ, ಪಕ್ಕದ ಹಳ್ಳಿಯಿಂದ ಜನ ಬರತೊಡಗಿದರು. ಹೊಸದಾಗಿ ಬಂದವರೆಲ್ಲ, ಮದುವೆ ಮನೆಗೆ ಬಂದವರು ಅಕ್ಷತೆ ಹಾಕಿಯೇ ಊಟಕ್ಕೆ ಹೋಗುವಂತೆ, ಒಂದು ಏಟು ಹಾಕಿಯೇ ಪಕ್ಕಕ್ಕೆ ನಿಂತರು. ಸೊಣ್ಣಮ್ಮ ಮನೆಗೆ ಓಡಿ, ಚಾರ್ಜಿಗೆ ಹಾಕಿದ್ದ ಫೋನು ಹುಡುಕಿ, ತಾನೇ ಪೊಲೀಸರಿಗೆ ಒತ್ತಿದಳು. ಜೀಪು ಬಂದಾಗ ವೆಂಕಟರಾಮಪ್ಪನಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ.

ಸಂಜೀವಪ್ಪ ಬಸ್ಸಿಳಿದು ಏದುಸಿರು ಬಿಡುತ್ತ ಬಂದರೆ ಕಂಬ ಖಾಲಿ.

"ಎಲ್ಲಲಾ ಕಳ್ಳ?"

"ಆಸ್ಪತ್ರೆಗೆ ಹಾಕ್ಕೊಂಡ್ ಹೋದ್ರು."

"ಒಂದು ನಿಮಿಷ ತಡಿಯೋಕೆ ಆಗ್ಲಿಲ್ವಾ ನಿಮ್ಗೆ!" ಎಂದು ರೇಗಿದ. ಆದರೆ ಸೋಲೊಪ್ಪುವವನಲ್ಲ. ಹಗ್ಗವನ್ನು ಎತ್ತಿಕೊಂಡು, ಕಂಬಕ್ಕೆ ಒರಗಿ, ಹುಡುಗರನ್ನು ಎಡಬಲ ನಿಲ್ಲಿಸಿ, ಹೊಸ ಹಲ್ಲೆಲ್ಲ ಕಾಣುವಂತೆ ನಕ್ಕ. ಫೋಟೋ ಬಂತು. ಮಾರನೆಯ ದಿನ ಊರ ಬಾಗಿಲಲ್ಲಿ ಫ್ಲೆಕ್ಸು: 'ಕೇಬಲ್ ಕಳ್ಳನನ್ನು ಸೆರೆಹಿಡಿದ ಹೊಂಗೆಕುಂಟೆಯ ಹುಲಿಗಳಿಗೆ ಅಭಿನಂದನೆ. ನೇತೃತ್ವ: ಶ್ರೀ ಸಂಜೀವಪ್ಪನವರು.' ಕೆಳಗೆ ಹೆಸರಿನ ಸಮೇತ ಸಾಲುಸಾಲು ಮುಖಗಳು. ತನ್ನ ಮುಖ ಬಿಟ್ಟುಹೋಯಿತೆಂದು ಜಗಳ ಮಾಡಿ ಹಾಕಿಸಿಕೊಂಡವರಿದ್ದರು. ಆ ದಿನ ತಿರುಪತಿಯ ಕ್ಯೂನಲ್ಲಿ ನಿಂತಿದ್ದವನ ಮುಖವೂ, ಬೋಳುತಲೆಗೆ ಮುಂಚಿನದು, ಅದರಲ್ಲಿತ್ತು.

ಆ ಫ್ಲೆಕ್ಸು ಒಂದು ಹಗಲು ನಿಂತಿತು, ಅಷ್ಟೇ. ವೆಂಕಟರಾಮಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಹಿಂದೆಯೇ ಇನ್ನೊಂದು ಸುದ್ದಿ: ಅವನು ಹೇಳಿದ್ದೆಲ್ಲ ನಿಜ. ಅನುಗೊಂಡನಹಳ್ಳಿ ಹತ್ತಿರದ ರೈತನೊಬ್ಬ ಆ ದಿನವೆಲ್ಲ ಹೊಲದಲ್ಲಿ ಅವನಿಗಾಗಿ ಕಾದು ಕುಳಿತಿದ್ದ.

ಊರು ಒಮ್ಮೆಗೇ ತಣ್ಣಗಾಯಿತು. ಆಮೇಲೆ ಒಮ್ಮೆಗೇ ಚುರುಕಾಯಿತು. ಫ್ಲೆಕ್ಸು ಮಾಯ. ವಾಟ್ಸಾಪ್ ಗುಂಪಿನಿಂದ ಹುಲಿಗಳು ಒಂದರ ಹಿಂದೊಂದು ಹೊರಬಿದ್ದು, ಕೊನೆಗೆ ಹೊರಹೋಗಲು ಬಾರದ ಒಬ್ಬ ಮುದುಕ ಮಾತ್ರ ಅದರಲ್ಲಿ ಉಳಿದು, ದಿನಾ 'ಶುಭೋದಯ' ಹಾಕುತ್ತಿದ್ದ.

ಸಬ್ ಇನ್ಸ್‌ಪೆಕ್ಟರು ಬಂದು ಕೇಳಿದರೆ ಯಾರೂ ಏನೂ ನೋಡಿಲ್ಲ. ಊರಿಗೆ ಊರೇ ಆ ಹೊತ್ತಿನಲ್ಲಿ ಸ್ನಾನ ಮಾಡುತ್ತಿತ್ತು. ಅವರು ಬೇಸತ್ತು ಸಿದ್ದರಾಜುವಿನ ಮನೆಯ ಹಿಂದೆ ಹೋದಾಗ, ರಾಗಿ ಹುಲ್ಲಿನ ಬಣವೆಗೆ ಹೊಚ್ಚಿದ ಹೊಸ ಫ್ಲೆಕ್ಸು ಕಣ್ಣಿಗೆ ಬಿತ್ತು. ನಮ್ಮ ಕಡೆ ಹಳೆಯ ಫ್ಲೆಕ್ಸು ಯಾವುದೂ ದಂಡವಾಗುವುದಿಲ್ಲ, ಬಣವೆಗೋ ಕೊಟ್ಟಿಗೆಗೋ ಹೊದಿಕೆಯಾಗುತ್ತದೆ. ಇಂಥದ್ದನ್ನು ಸುಡಲು ಸಿದ್ದರಾಜುವಿಗೆ ಮನಸ್ಸು ಬಂದಿರಲಿಲ್ಲ. ಮುಖಗಳನ್ನು ಒಳಗೆ ಮಾಡಿ ಹೊಚ್ಚಿದ್ದ. ಪೇದೆಗಳು ಅದನ್ನು ಮಗುಚಿ ನೆಲಕ್ಕೆ ಹಾಸಿದರು. ಇನ್ಸ್‌ಪೆಕ್ಟರು ಮೇಲಿನಿಂದ ಕೆಳಕ್ಕೆ ಮೇಷ್ಟರು ಹಾಜರಿ ಕೂಗಿದಂತೆ ಹೆಸರು ಕೂಗಿದರು.

ಆಗ ಶುರುವಾಯಿತು ನೋಡಿ. "ಸಾ, ನಾನು ಎಡಗೈಲಿ ಹೊಡ್ದಿದ್ದು. ಜೋರು ಬೀಳಲ್ಲ." "ನಾನು ಬರೀ ಬೈದೆ ಸಾ." ಸಿದ್ದರಾಜು ಅಂದ, "ನನ್ನದು ಹಗ್ಗ ಮಾತ್ರ ಸಾ. ಅದೂ ಹಸುವಿಂದು." ಇನ್ಸ್‌ಪೆಕ್ಟರು ಅವನನ್ನೇ ನೋಡಿ, "ಹಂಗಾದ್ರೆ ಹಸುನ ಜೀಪಿಗೆ ಹತ್ತುಸ್ಲಾ?" ಅಂದರು. ತಿರುಪತಿಗೆ ಹೋಗಿದ್ದವನು ಬೋಳುತಲೆ ತೋರಿಸಿ ತಪ್ಪಿಸಿಕೊಂಡ. ಉಳಿದವರೆಲ್ಲ ಜೀಪು ಹತ್ತಿದರು. 'ನೇತೃತ್ವ' ವಹಿಸಿದವನನ್ನೂ ಹತ್ತಿಸಿದರು.

ಠಾಣೆಯಲ್ಲಿ ಸಂಜೀವಪ್ಪ ಹಲ್ಲಿನ ಸೆಟ್ಟನ್ನೇ ತೆಗೆದು ಮೇಜಿನ ಮೇಲಿಟ್ಟ. "ಇದೇ ಸಾಕ್ಷಿ ಸ್ವಾಮಿ. ನಾನು ಆ ಹೊತ್ನಾಗೆ ಡಾಕ್ಟ್ರ ಮುಂದೆ ಬಾಯಿ ತಕ್ಕೊಂಡು ಬಿದ್ದಿದ್ದೆ." ಇನ್ಸ್‌ಪೆಕ್ಟರು ಡಾಕ್ಟರನ್ನು ಕೇಳಿದರು. ಹೌದು ಅಂದರು. ಬಸ್ಸಿನ ಕಂಡಕ್ಟರನೂ ಹೌದು ಅಂದ, ಸಂಜೀವಪ್ಪ ದಾರಿಯುದ್ದಕ್ಕೂ ಡ್ರೈವರನ್ನು ಅವಸರಪಡಿಸಿದ್ದ. ಫೋಟೋದಲ್ಲಿ ಹಗ್ಗ ಹಿಡಿದದ್ದು ಬರೀ ಬಡಾಯಿ ಎಂದು ತೀರ್ಮಾನವಾಗಿ ಅವನನ್ನು ಮನೆಗೆ ಕಳಿಸಿದರು. ಹುಡುಗರು ಒಳಗೇ ಉಳಿದರು. ಕಾಂತರಾಜು ಮಾತ್ರ ಕೂಗಿ ಹೇಳಿದ: "ನಾನು ಪೊಲೀಸ್ರಿಗೆ ಫೋನ್ ಮಾಡ್ತಿದ್ದೆ ಸಾ! ದೊಡ್ಡಪ್ಪ ಬ್ಯಾಡ ಅಂದ್ರು!" ಅವನ ಮಾತನ್ನು ಯಾರೂ ನಂಬಲಿಲ್ಲ. ಆ ದಿನ ಅಲ್ಲಿ ಎಲ್ಲರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು.

ಸಂಜೀವಪ್ಪ ಸೀದಾ ಹೊಸಕೋಟೆ ಕೋರ್ಟಿನ ಎದುರು ಆಫೀಸಿಟ್ಟಿದ್ದ ಲಾಯರ್ ವಾಣಿಶ್ರೀಯ ಹತ್ತಿರ ಹೋದ. ದೂರದ ನೆಂಟರ ಮೊಮ್ಮಗಳು.

"ತಾಯಿ, ನಾನೇನೋ ಗೆದ್ದೆ. ಹುಡುಗ್ರುದು ಹೆಂಗೆ? ಒಬ್ಬ ಸಾಯೋವಂಗೆ ಹೊಡ್ದಿರ್ತಾನೆ. ಮಿಕ್ಕೋರು ಸುಮ್ನೆ ಒಂದೊಂದು ಹಾಕಿರ್ತಾರೆ. ಆ ಒಬ್ಬನ್ನ ಹುಡುಕುದ್ರೆ ಆಯ್ತಲ್ವಾ?"

"ತಾತ, ಯಾರ ಏಟು ಎಷ್ಟು ತೂಕ ಅಂತ ಕಾನೂನು ತಕ್ಕಡೀಲಿ ಹಾಕ್ಕೊಂಡು ಕೂರಲ್ಲ. ಐದು ಜನವೋ ಅದಕ್ಕಿಂತ ಹೆಚ್ಚೋ ಸೇರಿ, ಅವನನ್ನ ಹೊಡೀಬೇಕು ಅಂತಲೇ ನಿಂತು, ಆ ಗುಂಪಿನ ಕೈಲಿ ಜೀವ ಹೋದ್ರೆ, ಗುಂಪಿನಲ್ಲಿ ಸೇರಿದ್ದ ಒಬ್ಬೊಬ್ಬನ ಮೇಲೂ ಅದೇ ಕೊಲೆ ಬರುತ್ತೆ. ಎಡಗೈ ಹಾಕಿದವನು, ಹಗ್ಗ ತಂದವನು, ಓಡಿಹೋಗದ ಹಾಗೆ ಅಡ್ಡ ನಿಂತವನು, ಎಲ್ಲ ಒಂದೇ."

"ನೋಡ್ತಾ ನಿಂತೋನು?"

"ದಾರಿಲಿ ಹೋಗ್ತಾ ನೋಡಿದವನು ಬೇರೆ. ನಿಮ್ಮೂರೋರು ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದ್ದಾರಲ್ಲ." ವಾಣಿಶ್ರೀ ಪೆನ್ನು ಕೆಳಗಿಟ್ಟಳು. "ನೀವು ಅಲ್ಲಿರಲಿಲ್ಲ. ಸರಿ. ಫೋನ್‌ನಲ್ಲಿ ಏನಾದ್ರೂ ಹೇಳಿದ್ರಾ?"

ಸಂಜೀವಪ್ಪನಿಗೆ ಹೊಸ ಹಲ್ಲು ಚುಚ್ಚಿದಂತಾಯಿತು. "ಯಾಕೆ?"

"ದೂರದಲ್ಲಿ ಕೂತು ಹೀಗೆ ಮಾಡಿ ಅಂತ ಹೇಳಿದವನಿಗೂ ಕಾನೂನಲ್ಲಿ ಜಾಗ ಇದೆ. ಆದ್ರೆ ಫೋನ್ ಮಾಡಿದ್ದು ಗೊತ್ತಾಗುತ್ತೆ, ಆಡಿದ ಮಾತು ಗೊತ್ತಾಗಲ್ಲ. ಹುಡುಗ್ರ ಮಾತು ಯಾರೂ ನಂಬ್ತಿಲ್ಲ. ನೀವು ಬಾಯಿ ಬಿಡಬೇಕು ಅಂತ ಯಾರೂ ಒತ್ತಾಯ ಮಾಡೋಹಾಗಿಲ್ಲ. ಸುಮ್ನಿದ್ರೆ ನೀವು ಮನೇಲಿರ್ತೀರ. ಮಾತಾಡಿದ್ರೆ ಅವರ ಜೊತೆ ಇರ್ತೀರ. ನಾನು ಲಾಯರು, ಇಷ್ಟೇ ಹೇಳೋದು."

ಸಂಜೀವಪ್ಪ ಮನೆಗೆ ಬಂದ. ಸೊಣ್ಣಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸುಮ್ನಿದ್ರೆ ಏನೂ ಆಗಲ್ವಂತೆ ಕಣೆ."

"ಸುಮ್ನಿರೋದು ನಿನಗೆ ಯಾವತ್ತು ಬಂದೈತೆ? ಈಗ ಕಲ್ತೀಯ?"

"ನಾನು ಹೊಡೀರಿ ಅಂದ್ನಾ? ಬಿಡಬ್ಯಾಡಿ ಅಂದೆ. ಅಷ್ಟೇ ತಾನೆ?"

"ಅಷ್ಟೇ. ಆ ಹುಡ್ಗ ಪೊಲೀಸ್ರಿಗೆ ಅಂತ ಫೋನ್ ತೆಗ್ದಿದ್ದ. ನಿನ್ ಮಾತು ಕೇಳಿ ಜೇಬಿಗಾಕ್ದ. ನಾನು ನಿಂತು ನೋಡಿದೀನಿ. ಆಗ ಅವಯ್ಯ ಇನ್ನೂ ಮಾತಾಡ್ತಿದ್ದ. ಕಟ್ಟಿದ್ ಹಗ್ಗ ಸಡಿಲ ಮಾಡ್ರಪ್ಪ ಅಂತಿದ್ದ. ಆಮೇಲೆ ಬಂದೋರು ಹೊಡ್ದ್ರಲ್ಲ, ಅವು ನಿನ್ ದಾರಿ ಕಾಯ್ತಾ ಬಿದ್ದ ಏಟು."

ಸಂಜೀವಪ್ಪ ಜಗಲಿಯ ಮೇಲೆ ಕುಳಿತ. "ಸೊಣ್ಣ, ಈ ಊರಾಗೆ ನಾನು ಎಡ ಅಂದ್ರೆ ಬಲಕ್ಕೆ ಹೋಗ್ತಾರೆ. ಹುಟ್ಟಿದಾಗಿಂದ ಒಬ್ರೂ ನನ್ ಮಾತು ಕೇಳಿಲ್ಲ. ನೀನೂ ಕೇಳಿಲ್ಲ. ಆ ದಿನಾನೇ ಯಾಕೆ ಕೇಳಿದ್ರು?"

ಸೊಣ್ಣಮ್ಮ ಬೂಸಾವನ್ನು ಹಸುವಿನ ಮುಂದಿಟ್ಟಳು. ಕೈ ತೊಳೆದು ಬಂದು ಪಕ್ಕದಲ್ಲಿ ಕುಳಿತಳು. "ಪೊಲೀಸ್ರು ನನ್ನ ಕೇಳಿದ್ರೆ ನಾನು ಸುಳ್ಳು ಹೇಳಲ್ಲ," ಅಂದಳು. "ಆದ್ರೆ ಅವರಿಗೆ ನನ್ನ ಕೇಳಬೇಕು ಅಂತ ಹೊಳೀತಿಲ್ಲ. ನೀನೇ ನೋಡ್ಕೋ."

ಮಾರನೆಯ ದಿನ ಇಬ್ಬರೂ ಠಾಣೆಗೆ ಹೋದರು. ಸಂಜೀವಪ್ಪ ನಿಂತು, "ಸ್ವಾಮಿ, ಕಾಂತರಾಜು ಹೇಳಿದ್ದು ನಿಜ. ಪೊಲೀಸ್ರಿಗೆ ಹೇಳ್ಬ್ಯಾಡ, ಕಟ್ಟಾಕಿರಿ ಅಂದೋನು ನಾನು," ಅಂದ.

ಇನ್ಸ್‌ಪೆಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ಪೇದೆಗಳೂ ನಕ್ಕರು. "ಯಜಮಾನ, ಇಲ್ಲೂ ಹೆಸರು ಹಾಕಿಸ್ಕೊಳ್ಳೋಕೆ ಬಂದ್ಯಾ? ಕೊಲೆ ಕೇಸಿಗೂ ನೇತೃತ್ವನಾ? ನಿನ್ನ ಮಾತು ಊರಲ್ಲಿ ಯಾರು ಕೇಳ್ತಾರೆ, ಹೋಗಯ್ಯ ಮನೆಗೆ!"

"ನಿಜ ಸ್ವಾಮಿ, ನಾನೇ..."

"ಆ ಟ್ಯಾಂಕೂ ನೀನೇ ಕಟ್ಸಿದ್ದು, ಆ ರಸ್ತೇನೂ ನೀನೇ ಹಾಕ್ಸಿದ್ದು. ಎಲ್ಲ ವಿಚಾರಿಸಿದೀವಿ. ಹೋಗು."

ಸಂಜೀವಪ್ಪನ ಕಣ್ಣಲ್ಲಿ ನೀರು ಬಂತು. ಬದುಕಿನಲ್ಲಿ ಮೊದಲ ಸಲ ಮಾಡಿದ್ದನ್ನು ಮಾಡಿದೆ ಎನ್ನುತ್ತಿದ್ದಾನೆ, ಯಾರೂ ಒಪ್ಪುತ್ತಿಲ್ಲ. ಆಗ ಸೊಣ್ಣಮ್ಮ ಸೆರಗು ಬಿಗಿದುಕೊಂಡು ಮೇಜಿನ ಹತ್ತಿರ ಬಂದಳು.

"ಸ್ವಾಮಿ, ಇವನು ಹೇಳೋದ್ರಲ್ಲಿ ಮುಕ್ಕಾಲು ಸುಳ್ಳು. ಸಂಸಾರ ಮಾಡಿದೋಳು ನಾನು, ನನಗೆ ಗೊತ್ತು. ಇದು ಮಿಕ್ಕಿದ್ ಕಾಲಿಂದು. ನಾನು ಕಂಬದ ಹತ್ರ ನಿಂತು ಕೇಳಿದೀನಿ. ಆವತ್ತು ನಿಮಗೆ ಫೋನ್ ಮಾಡ್ದೋಳೂ ನಾನೇ."

ನಗು ನಿಂತಿತು. ಇನ್ಸ್‌ಪೆಕ್ಟರು ಎದ್ದುನಿಂತು ಅವಳಿಗೆ ಕುರ್ಚಿ ಹಾಕಿಸಿದರು.

ಆರೋಪಿ ಪೊಲೀಸರ ಮುಂದೆ ಒಪ್ಪಿಕೊಂಡರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಸಂಜೀವಪ್ಪನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಅವರು ವಯಸ್ಸಿನಲ್ಲಿ ಚಿಕ್ಕವರು, ಮೆತ್ತನೆಯ ದನಿ. "ನೀವು ಹೇಳಲೇಬೇಕು ಅಂತೇನಿಲ್ಲ. ಹೇಳಿದರೆ ಅದು ನಿಮ್ಮ ಮೇಲೇ ತಿರುಗಬಹುದು. ಯಾರಾದರೂ ಹೆದರಿಸಿದ್ದಾರಾ? ಹೋಗಿ, ಚೆನ್ನಾಗಿ ಯೋಚನೆ ಮಾಡಿ ಬನ್ನಿ," ಅಂದರು. ಸುಮ್ಮನಿರು ಎಂದು ಅವನಿಗೆ ಊರೆಲ್ಲ ಹೇಳಿತ್ತು. ಇಷ್ಟು ಮರ್ಯಾದೆಯಿಂದ ಹೇಳಿದವರು ಇವರೊಬ್ಬರೇ. ಸಂಜೀವಪ್ಪ ಯೋಚನೆ ಮಾಡಿ ಬಂದು, ಇದ್ದದ್ದನ್ನು ಇದ್ದ ಹಾಗೆ, ಒಂದು ಮಾತೂ ಉಬ್ಬಿಸದೆ ಹೇಳಿದ. ಹೇಳಿ ಮುಗಿಸಿದಾಗ ತನಗೇ ಅದು ಬಹಳ ಚಿಕ್ಕದೆನಿಸಿತಂತೆ. ಅಷ್ಟು ಚಿಕ್ಕ ಮಾತು.

ಹುಡುಗರ ಜೊತೆ ಅವನೂ ಒಳಗಿದ್ದ. ಅವನು ಹೇಳಿದ್ದರಿಂದ ಹುಡುಗರೇನೂ ಬಿಡುಗಡೆಯಾಗಲಿಲ್ಲ. ತಡೆಯಬಲ್ಲವನು ತಡೆಯಲಿಲ್ಲ ಎಂದರೆ ಹೊಡೆದವನ ಕೈ ಹಗುರವಾಗುವುದಿಲ್ಲ ಎಂದು ವಾಣಿಶ್ರೀ ಮೊದಲೇ ಹೇಳಿದ್ದಳು. ಜಾಮೀನು ಸಿಕ್ಕ ಮೇಲೆ, ವಾಯಿದೆ ಬಿದ್ದಾಗಲೆಲ್ಲ ಸೊಣ್ಣಮ್ಮನ ಜೊತೆ ಬಸ್ಸು ಹತ್ತಿ ಕೋರ್ಟಿಗೆ ಹೋಗುತ್ತಾನೆ. ಅವನು ಆರೋಪಿ, ಅವಳು ಸರ್ಕಾರದ ಕಡೆಯ ಸಾಕ್ಷಿ. ಬುತ್ತಿ ಮಾತ್ರ ಒಂದೇ. "ಊರಾಗೆ ಯಾರ ಮನೇಲೈತೆ ಇಂಥ ಸಂಸಾರ?" ಎಂದು ಸೊಣ್ಣಮ್ಮನೇ ಕೇಳುತ್ತಾಳೆ.

ಒಂದು ವಾಯಿದೆಯ ದಿನ ಕೋರ್ಟಿನ ಜಗಲಿಯಲ್ಲಿ ವೆಂಕಟರಾಮಪ್ಪನ ಹೆಂಡತಿ ಮುನಿತಾಯಮ್ಮ ಇವರ ಎದುರಿಗೇ ಕುಳಿತಿದ್ದಳು. ಸಂಜೀವಪ್ಪ ಎದ್ದು ಹೋಗಲು ನೋಡಿದ. ಅವಳೇ ಕರೆದಳು.

"ಏನಣ್ಣ, ನೀನಂತೆ ಫೋನಿನಾಗೆ ಹೇಳಿದ್ದು?"

"ಹೂಂ ತಾಯಿ."

"ಯಾಕೆ ಹೇಳ್ದೆ?"

ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಅವನು ಹೇಳಿದ್ದು, ಫೋನಿನಲ್ಲಿ ಏನಂದೆ ಎಂಬುದನ್ನು ಮಾತ್ರ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

"ಫೋಟೋಕ್ಕೆ ತಾಯಿ," ಅಂದ. "ನಾನು ಬಂದು ಫೋಟೋದಾಗೆ ನಿಲ್ಲೋಣ ಅಂತ."

ಮುನಿತಾಯಮ್ಮ ಬೈಯುತ್ತಾಳೆ ಎಂದು ಸೊಣ್ಣಮ್ಮ ಅಂದುಕೊಂಡಳು. ಬೈಯಲಿಲ್ಲ. ಅವನ ಮುಖವನ್ನು, ಅರ್ಥವಾಗದ ಯಾವುದೋ ಊರಿನ ಬೋರ್ಡು ಓದುವವಳಂತೆ, ಬಹಳ ಹೊತ್ತು ನೋಡುತ್ತ ಕುಳಿತಳು. ಒಳಗಿನಿಂದ ಅವರ ಕೇಸನ್ನು ಕೂಗಿದರು. ಸೊಣ್ಣಮ್ಮ ಅವಳ ಕೈಹಿಡಿದು ಎಬ್ಬಿಸಿದಳು. ಅವರಿಬ್ಬರೂ ಒಳಗೆ ಹೋಗುವವರೆಗೆ ಸಂಜೀವಪ್ಪ ಬಾಗಿಲಿನ ಪಕ್ಕ ಸರಿದು ನಿಂತಿದ್ದು, ಎಲ್ಲರಿಗಿಂತ ಹಿಂದೆ ಹೋದ.